ಕೊಡೆ ಹಿಡಿದವರು

“ಆಕರ ಹುಡುಕ್ಕೊಂಡು ನಾವು ಎಲ್ಲಿಗೂ ಹೋಗ್ಬೇಕಾಗಿಲ್ಲ ಮೇಡಂ, ನನ್ನ ಪಕ್ಕದಲ್ಲೇ ಕೂತಿದೆ,” ಎಂದು ಪಿಟೀಲು ಎಂಬ ಅಡ್ಡಹೆಸರಿನ ಹುಡುಗಿ ಎದ್ದು ನಿಂತು ಹೇಳಿದಾಗ ಇಡೀ ತರಗತಿ ಅವಳ ಬೆಂಚಿನತ್ತ ತಿರುಗಿತು. ಪಕ್ಕದಲ್ಲಿ ಕೂತಿದ್ದವರು ಸಿಸ್ಟರ್. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ, “ಆಕರ ಅಂದ್ರೆ ನಾನಾ? ನಾನಿನ್ನೂ ಮಣ್ಣಲ್ಲಿ ಸಿಕ್ಕ ಮಡಕೆ ಚೂರಾಗಿಲ್ಲ ಕಣೇ,” ಎಂದರು. ಹಿಂದಿನ ಬೆಂಚಿನ ಹುಡುಗರು ಮೇಜು ಬಡಿದು ನಕ್ಕರು. ಮೇಡಂ ಕೂಡ ಬೋರ್ಡಿನ ಕಡೆ ಮುಖ ತಿರುಗಿಸಿಕೊಂಡು ನಕ್ಕರು.

ಬಿ.ಎ. ಎರಡನೆಯ ವರ್ಷದ ಇತಿಹಾಸದ ವಿದ್ಯಾರ್ಥಿಗಳು ಇಬ್ಬಿಬ್ಬರು ಜೊತೆಯಾಗಿ, ಒಂದು ವಿಷಯ ಆರಿಸಿಕೊಂಡು, ಪ್ರಬಂಧ ಬರೆದು ತರಗತಿಯಲ್ಲಿ ಮಂಡಿಸಬೇಕಿತ್ತು. ತೆಳ್ಳಗೆ, ಎಳೆದು ಮಾತಾಡುವ ದನಿಯಿಂದಾಗಿ ಪಿಟೀಲು ಎನಿಸಿಕೊಂಡಿದ್ದ ಹುಡುಗಿಗೆ ಸಿಸ್ಟರ್ ಜೊತೆಯಾಗಿದ್ದರು. ಆಸ್ಪತ್ರೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ನರ್ಸ್ ಆಗಿದ್ದು, ನಿವೃತ್ತರಾದ ಮೇಲೆ ಕಾಲೇಜಿಗೆ ಸೇರಿದವರು ಅವರು. ಸೇರಿದ ಮೊದಲ ದಿನವೇ ಒಬ್ಬ ಹುಡುಗ ತಲೆಸುತ್ತಿ ಬಿದ್ದಾಗ ಅವನ ಕಾಲೆತ್ತಿ ಬ್ಯಾಗಿನ ಮೇಲಿಟ್ಟು, ಕಿಟಕಿ ತೆಗೆಸಿ, ಸುತ್ತ ಮುತ್ತಿದ್ದವರನ್ನು ಗದರಿ ಚದುರಿಸಿದ್ದರಿಂದ ಸಿಸ್ಟರ್ ಎಂಬ ಹೆಸರು ಇಲ್ಲಿಯೂ ಅಂಟಿಕೊಂಡಿತ್ತು.

ಕಾಲೇಜಿನಲ್ಲಿ ಸಿಸ್ಟರ್ ಸುಖವಾಗಿದ್ದರು. ಚಿಕ್ಕವರಿದ್ದಾಗಲೇ ಇತಿಹಾಸ ಓದಬೇಕೆಂಬ ಆಸೆಯಿತ್ತು, ಆದರೆ ನರ್ಸಿಂಗ್ ಶಾಲೆಯವರು ಮೊದಲು ಕರೆದಿದ್ದರು. ಬಸ್ ಓಡಿಸಿ ನಿವೃತ್ತರಾಗಿದ್ದ ಗಂಡ ಮೊದಮೊದಲು, “ರಿಟೈರ್ ಆದವರು ಊರು ಸುತ್ತುತ್ತಾರೆ, ನೀನು ಹೋಮ್‌ವರ್ಕ್ ಮಾಡ್ತೀಯಲ್ಲೇ,” ಎಂದು ರೇಗಿಸುತ್ತಿದ್ದರು. ಈಗ ಮಧ್ಯಾಹ್ನದ ಹೊತ್ತು ಹೆಂಡತಿಯ ಪುಸ್ತಕಗಳನ್ನು ಅವರೇ ತೆರೆದು ಕೂರುತ್ತಿದ್ದರು. ಸಿಸ್ಟರ್ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, “ಅಣ್ಣನ್ನ ಜೈಲಿಗೆ ಹಾಕಿದ್ನಲ್ಲ ಆ ರಾಜ, ಅವನು ಕೊನೆಗೆ ಏನಾದ?” ಎಂದು ಕೇಳುತ್ತಿದ್ದರು.

ಪಿಟೀಲು ಹಿಡಿದಿದ್ದ ವಿಷಯ ನರ್ಸುಗಳ ಮುಷ್ಕರ. ಅದು ಅವಳು ಹುಟ್ಟುವುದಕ್ಕೆ ಎಷ್ಟೋ ಮೊದಲು ಸಿಸ್ಟರ್ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನಡೆದದ್ದು. ಸಿಸ್ಟರ್‌ಗೆ ಮಾತ್ರ ಮನಸ್ಸಿರಲಿಲ್ಲ. ಅವರ ಕಣ್ಣಿದ್ದದ್ದು ಸಾವಿರಾರು ವರ್ಷದ ಹಿಂದಿನ ಕಣಜಗಳ ಮೇಲೆ: ಧಾನ್ಯವನ್ನು ಹುಳ ಹಿಡಿಯದಂತೆ ಆಗಿನವರು ಹೇಗೆ ಇಡುತ್ತಿದ್ದರು ಎಂಬುದರ ಮೇಲೆ. “ನಾನು ಇಲ್ಲಿಗೆ ಬಂದಿದ್ದು ಓದೋಕೆ. ನನ್ನನ್ನೇ ಬೇರೆಯವರು ಓದ್ಲಿ ಅಂತ ಅಲ್ಲ,” ಎಂದು ಕ್ಯಾಂಟೀನಿನಲ್ಲಿ ಖಡಾಖಂಡಿತವಾಗಿ ಹೇಳಿದರು.

“ಒಂದೇ ಒಂದ್ಸಲ ಆ ಮೇಟ್ರನ್ ಕಥೆ ಹೇಳಿ ಸಿಸ್ಟರ್. ಆಮೇಲೆ ಬೇಡ ಅಂದ್ರೆ ಬೇಡ.”

ಹುಡುಗಿಗೆ ಅವರ ನಾಡಿ ಗೊತ್ತಿತ್ತು. ಆ ಕಥೆ ಹೇಳು ಎಂದರೆ ಸಿಸ್ಟರ್ ಇಲ್ಲವೆಂದವರೇ ಅಲ್ಲ. ಚಹಾದ ಲೋಟ ಬದಿಗೆ ಸರಿಸಿ ಶುರು ಮಾಡಿದರು. ರಾತ್ರಿಪಾಳಿಯಲ್ಲಿ ಒಂದು ವಾರ್ಡಿಗೆ ಒಬ್ಬಳೇ ನರ್ಸ್. ಇಬ್ಬರನ್ನು ಕೊಡಿ ಎಂದು ಕೇಳಿ ಕೇಳಿ ಸಾಕಾಗಿ ಹುಡುಗಿಯರೆಲ್ಲ ಗೇಟಿನ ಮುಂದೆ ಕೂತುಬಿಟ್ಟರು. ಕೊನೆಯ ದಿನ ಮಳೆಯೋ ಮಳೆ. ಅರ್ಧಕ್ಕರ್ಧ ಜನ ಎದ್ದು ಹೋಗುವ ಅಂದಾಜಿನಲ್ಲಿದ್ದರು. ಆಗ ನರ್ಸುಗಳಿಗೆಲ್ಲ ಮೇಲಧಿಕಾರಿಯಾಗಿದ್ದ ಮೇಟ್ರನ್ ಮಹಡಿಯಿಂದ ಇಳಿದು ಬಂದರು. ಅವರ ಬೀಗದಕೈ ಗೊಂಚಲಿನ ಸದ್ದು ಕೇಳಿದರೆ ಸಾಕು, ಹುಡುಗಿಯರು ಓಡಿ ಹೋಗಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದರು. ಅಂಥವರು ಕಪ್ಪು ಕೊಡೆ ಬಿಚ್ಚಿಕೊಂಡು ಬಂದು, ಒಂದು ಮಾತೂ ಆಡದೆ, ಸಿಸ್ಟರ್ ಪಕ್ಕದಲ್ಲಿ ನಿಂತರು. ಅವರನ್ನು ಕಂಡು ಒಬ್ಬರೂ ಎದ್ದು ಹೋಗಲಿಲ್ಲ. ಸಂಜೆಯೊಳಗೆ ಮಾತುಕತೆಗೆ ಕರೆ ಬಂತು.

ಈ ಕಥೆಯನ್ನು ಸಿಸ್ಟರ್ ಗಂಡನಿಗೆ ಹೇಳಿದ್ದರು, ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸುಗಳಿಗೆಲ್ಲ ಹೇಳಿದ್ದರು. ಮಗಳಂತೂ ಇದನ್ನು ಕೇಳಿಕೊಂಡೇ ಅನ್ನ ಉಂಡು ಬೆಳೆದವಳು. ಇವತ್ತೂ ಹೇಳಿ ಮುಗಿಸುವಾಗ ಅವರ ದನಿ ಸ್ವಲ್ಪ ಒದ್ದೆಯಾಯಿತು.

“ಸರಿ, ಬರಿಯೋಣ,” ಎಂದರು. “ಆದ್ರೆ ನನ್ನೊಬ್ಬಳನ್ನೇ ನಂಬ್ಕೊಂಡು ಬರಿಯೋದು ಬೇಡ. ರೋಗಿ ಹೇಳಿದ್ದನ್ನೆಲ್ಲ ಹಾಗೇ ಬರ್ಕೊಳ್ಳೋ ನರ್ಸು ಕೆಲಸಕ್ಕೆ ಬರಲ್ಲ. ಮೇಟ್ರನ್ ಇದಾರೆ ಇನ್ನೂ. ಅವರ ಬಾಯಿಂದಾನೇ ಕೇಳೋಣ.”

ಮೇಟ್ರನ್ ತಮ್ಮ ತಂಗಿಯ ಮಗನ ಮನೆಯ ಮಹಡಿಯಲ್ಲಿ, ಬಿಸಿಲು ಬರುವ ಕೋಣೆಯಲ್ಲಿದ್ದರು. ತೊಂಬತ್ತರ ಹತ್ತಿರದ ವಯಸ್ಸು. ಬೆನ್ನು ಬಾಗಿತ್ತು, ಆದರೆ ಹೊದಿಕೆಯನ್ನು ಆಸ್ಪತ್ರೆಯ ಹಾಸಿಗೆಯಂತೆ ಮೂಲೆ ಮಡಚಿ ಸಿಕ್ಕಿಸಿದ್ದರು. ಸಿಸ್ಟರನ್ನು ನೋಡಿದೊಡನೆ, “ದಪ್ಪ ಆಗಿದೀಯ ಹುಡುಗಿ,” ಎಂದರು. ಇಷ್ಟು ವಯಸ್ಸಾಗಿಯೂ ಸಿಸ್ಟರ್ ಕೈಗಳು ತಮ್ಮಷ್ಟಕ್ಕೆ ತಾವೇ ಸೀರೆಯ ನೆರಿಗೆ ಸರಿಮಾಡಿಕೊಂಡವು.

ಕಾಲೇಜಿಗೆ ಹೋಗುತ್ತಿರುವ ಸುದ್ದಿ ಕೇಳಿ ಮೇಟ್ರನ್ ಹುಬ್ಬೇರಿಸಿದರು. “ಪರೀಕ್ಷೆ ಇದ್ಯಾ?”

“ಇದೆ ಮೇಟ್ರನ್.”

“ಮತ್ತೆ ಇಲ್ಲಿ ಕೂತು ಏನ್ಮಾಡ್ತಿದೀಯ?”

ಪಿಟೀಲು ನಗುತ್ತಾ ವಿಷಯ ಬಿಡಿಸಿ ಹೇಳಿದಳು. ಅವಳ ಎಳೆದ ದನಿಯಲ್ಲಿ ಗೇಟು, ಮಳೆ, ಕೊಡೆ ಎಲ್ಲ ಬಂದವು. ಮೇಟ್ರನ್ ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೇನೋ ಎಂದು ಹುಡುಗಿ ಸಿಸ್ಟರ್ ಮುಖ ನೋಡಿದಳು.

“ಚೆನ್ನಾಗಿದೆ,” ಎಂದರು ಮೇಟ್ರನ್, ಕಣ್ಣು ತೆರೆಯದೆ. “ಆದ್ರೆ ನಾನು ಇಳಿದು ಬರ್ಲಿಲ್ಲ.”

ಕೆಳಗೆ ಯಾರೋ ನಲ್ಲಿ ತಿರುಗಿಸಿದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಮಹಡಿಯವರೆಗೂ ಕೇಳಿಸಿತು.

“ಬಂದ್ರಿ ಮೇಟ್ರನ್,” ಎಂದರು ಸಿಸ್ಟರ್. “ನನ್ನ ಪಕ್ಕದಲ್ಲೇ ನಿಂತಿದ್ರಿ.”

“ನೀವೆಲ್ಲ ಹೊರಗೆ ಕೂತಿದ್ರಿ, ರೋಗಿಗಳು ಒಳಗೆ ಮಲಗಿದ್ರು. ಯಾರಾದ್ರೂ ಇರ್ಬೇಕಿತ್ತಲ್ಲ. ನಾನು ಮೇಲೆ, ಬಟ್ಟೆ ಇಡೋ ಕೋಣೆ ಕಿಟಕಿಯಿಂದ ನೋಡ್ತಿದ್ದೆ.” ಮೇಟ್ರನ್ ಈಗ ಕಣ್ಣು ತೆರೆದರು. “ಕೆಲಸ ಇತ್ತು ಅಂತ ಬರ್ಲಿಲ್ವೋ, ಧೈರ್ಯ ಇರ್ಲಿಲ್ಲ ಅಂತ ಬರ್ಲಿಲ್ವೋ, ಅದು ನಂಗೂ ಗೊತ್ತಿಲ್ಲ. ಬರ್ಲಿಲ್ಲ ಅನ್ನೋದು ಗೊತ್ತು.”

“ಕೊಡೆ ನಿಮ್ಮದೇ. ಆ ಹಿಡಿ ನಂಗೊತ್ತು.”

“ಕೊಡೆ ನಂದೇ. ಅಡುಗೆಮನೆಯವಳ ಕೈಲಿ ಕಳಿಸಿದೆ. ಆ ಹುಡುಗಿ ತಲೆ ನೆನೀಬಾರ್ದು, ಪಕ್ಕದಲ್ಲೇ ಹಿಡ್ಕೊಂಡು ನಿಂತ್ಕೋ ಅಂದೆ.” ಮೇಟ್ರನ್ ಸಿಸ್ಟರ್ ಹೊಟ್ಟೆಯ ಕಡೆ ಗದ್ದ ಎತ್ತಿ ತೋರಿಸಿದರು. “ನೀನಾಗ ಬಸುರಿ.”

ಆ ದಿನಗಳಲ್ಲಿ ಸಿಸ್ಟರ್ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರೂ ತಮ್ಮನ್ನು ಗೇಟಿನ ಬಳಿ ಕೂರಲು ಬಿಡುವುದಿಲ್ಲವೆಂದು ಗಂಡನಿಂದಲೂ ಮುಚ್ಚಿಟ್ಟಿದ್ದರು.

“ನಿಮಗೆ ಹೇಗೆ ಗೊತ್ತಾಯ್ತು?”

“ನೀನು ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೊಳ್ಳೋಕೆ ಶುರು ಮಾಡಿದ್ದೆ,” ಎಂದರು ಮೇಟ್ರನ್. “ಮುಂಚೆ ಓಡಿ ಇಳೀತಿದ್ದೆ. ಎಷ್ಟು ಸಲ ಬೈದಿದೀನಿ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಿಟೀಲು ತಾನು ಬರೆದುಕೊಂಡದ್ದನ್ನೆಲ್ಲ ಮತ್ತೆ ಓದಿದಳು. ಕೊನೆಗೆ, “ಸಿಸ್ಟರ್, ಅವರಿಗೂ ವಯಸ್ಸಾಯ್ತಲ್ಲ. ಅವರೇ ಮರೆತಿರ್ಬಹುದು. ನಿಮ್ಮ ಕಥೆನೇ ಇಟ್ಕೊಳ್ಳೋಣ. ಅದೇ ಚೆನ್ನಾಗಿದೆ,” ಎಂದಳು.

ಸಿಸ್ಟರ್ ಕಿಟಕಿಯಾಚೆ ನೋಡುತ್ತಿದ್ದರು. ಯಾರೋ ಮನೆಯ ಗೋಡೆಯಿಂದ ಒಂದು ಕಲ್ಲು ತೆಗೆದಂತಾಗಿತ್ತು. ಹಾಗೆಂದು ಮನೆಯೇನೂ ಬಿದ್ದಿರಲಿಲ್ಲ. ಆ ಸಂದಿಯಿಂದ ಗಾಳಿ ಬರುತ್ತಿತ್ತು, ಅಷ್ಟೆ.

“ಈರುಳ್ಳಿ ವಾಸನೆ ಬರ್ತಿತ್ತು,” ಎಂದರು.

“ಯಾವಾಗ?”

“ಅವತ್ತು. ಪಕ್ಕದಲ್ಲಿ ನಿಂತವರ ಮೈಯಿಂದ. ಹುರಿದ ಈರುಳ್ಳಿ ವಾಸನೆ. ನಂಗೆ ಬಸುರಲ್ಲಿ ಅದು ಆಗ್ತಾನೇ ಇರ್ಲಿಲ್ಲ, ಉಸಿರು ಬಿಗಿಹಿಡ್ಕೊಂಡು ಕೂತಿದ್ದೆ. ಕಥೆ ಹೇಳುವಾಗ ಅದನ್ನ ಬಿಟ್ಟುಬಿಡ್ತಿದ್ದೆ. ಮೇಟ್ರನ್‌ಗೂ ಈರುಳ್ಳಿಗೂ ಹೊಂದಲ್ವಲ್ಲ.” ಮತ್ತೆ ಮೆಲ್ಲಗೆ, “ಆ ಅಡುಗೆಯವಳ ಮುಖಾನೇ ನೆನಪಾಗ್ತಿಲ್ಲ ಕಣೇ,” ಎಂದರು.

ಆಮೇಲೆ ಇಬ್ಬರೂ ಆ ಅಡುಗೆಯವಳನ್ನು ಹುಡುಕಿದರು. ಹಳೆಯ ನರ್ಸುಗಳಿಗೆ ಫೋನು ಮಾಡಿದರು. ಒಬ್ಬರು ಅವಳು ಎತ್ತರದವಳು ಎಂದರು, ಇನ್ನೊಬ್ಬರು ಕುಳ್ಳಿ ಎಂದರು. ಮುಷ್ಕರವಾದ ಮರುವರ್ಷ ಬೇರೆ ಊರಿಗೆ ಹೋದಳೆಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಯಾವ ಊರು ಎಂಬುದು ಯಾರಿಗೂ ತಿಳಿದಿರಲಿಲ್ಲ. ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು ಮೇಟ್ರನ್ ವಿಷಯ ಅಲ್ಲಿಗೇ ಬಿಟ್ಟು, “ಅಂದ್ರೆ ನನಗಿಂತ ಮುಂಚೆ ಅವರಿಗೆ ಗೊತ್ತಾಗಿತ್ತಾ?” ಎಂದು ಮುಖ ಊದಿಸಿಕೊಂಡರು. ಊಟಕ್ಕೆ ಕೂರುವ ಹೊತ್ತಿಗೆ ತಾವೇ ನಕ್ಕು, “ಬಸ್ಸು ಹತ್ತೋ ಬಸುರಿ ಹೆಂಗಸರನ್ನೆಲ್ಲ ನೋಡಿದ ಕೂಡ್ಲೇ ಸೀಟು ಬಿಡಿಸ್ತಿದ್ದೆ. ಮನೇಲಿದ್ದವಳು ಕಾಣ್ಲಿಲ್ಲ ನೋಡು,” ಎಂದರು.

ಪ್ರಬಂಧ ಮಂಡಿಸುವ ದಿನ ಸಿಸ್ಟರ್ ಮೊದಲು ಎದ್ದು ನಿಂತು, ಇಷ್ಟು ವರ್ಷ ಹೇಗೆ ಹೇಳುತ್ತಿದ್ದರೋ ಹಾಗೆಯೇ ಕಥೆ ಹೇಳಿದರು. ದನಿ ಒದ್ದೆಯಾಗುವ ಜಾಗದಲ್ಲಿ ಒದ್ದೆಯಾಯಿತು. ಅವರು ಕೂತ ಮೇಲೆ ಪಿಟೀಲು ಎದ್ದು ಮೇಟ್ರನ್ ಹೇಳಿದ್ದನ್ನು ಓದಿದಳು. ಈರುಳ್ಳಿಯನ್ನೂ ಬಿಡಲಿಲ್ಲ. ಬಸುರಿನ ವಿಷಯ ಬರೆಯಲೇ ಎಂದು ಅವಳು ಮೊದಲೇ ಕೇಳಿದ್ದಳು. ಬರಿ, ಅದಿಲ್ಲದೆ ಕೊಡೆ ಯಾಕೆ ಬಂತು ಅಂತ ಹೇಗೆ ಹೇಳ್ತೀಯ ಎಂದಿದ್ದರು ಸಿಸ್ಟರ್. ಕೊನೆಯಲ್ಲಿ ಅವಳು, ಕೊಡೆ ಹಿಡಿದ ಹೆಂಗಸಿನ ಹೆಸರು ನಮಗೆ ಸಿಗಲಿಲ್ಲ ಎಂದು ಓದಿ ನಿಲ್ಲಿಸಿದಳು.

ಮೇಡಂ ಪೆನ್ನಿನ ತುದಿಯನ್ನು ತುಟಿಗೆ ಒತ್ತಿಕೊಂಡು ಕೂತಿದ್ದರು. “ಹಾಗಾದ್ರೆ ಸಿಸ್ಟರ್, ನಿಜವಾಗಿ ನಡೆದದ್ದು ಯಾವುದು?”

ವಾರ್ಡಿನಲ್ಲಿ ಇದ್ದಷ್ಟು ವರ್ಷವೂ ಸಿಸ್ಟರ್ ಪ್ರಶ್ನೆಗಳಿಗೆ ಉತ್ತರ ಕೊಡುತ್ತಲೇ ಬಂದಿದ್ದರು. ಜ್ವರ ಯಾವಾಗ ಇಳಿಯುತ್ತೆ, ಡಾಕ್ಟರು ಯಾವಾಗ ಬರುತ್ತಾರೆ, ನಮ್ಮಪ್ಪ ಉಳೀತಾರಾ? ಅಲ್ಲಿ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಗೊತ್ತಿಲ್ಲದಿದ್ದರೂ ಏನಾದರೊಂದು ಹೇಳಿ ಹೊದಿಕೆ ಸರಿಮಾಡಿ ಬರಬೇಕಿತ್ತು.

“ಗೊತ್ತಿಲ್ಲ ಮೇಡಂ,” ಎಂದರು. ಮಾತು ಬಾಯಿಂದ ಎಷ್ಟು ಸಲೀಸಾಗಿ ಹೊರಟಿತೆಂದರೆ ಅವರಿಗೇ ನಗು ಬಂತು. “ಮೇಟ್ರನ್ ಹೇಳಿದ್ದೇ ನಿಜ ಇರ್ಬೇಕು ಅನ್ಸುತ್ತೆ. ಆದ್ರೆ ನನಗೆ ಗೊತ್ತಿಲ್ಲ.”

ಮೇಡಂ ತಲೆದೂಗಿ ಏನನ್ನೋ ಬರೆದುಕೊಂಡು, ಮುಂದಿನ ಜೋಡಿಯನ್ನು ಕರೆದರು. ಇಬ್ಬರು ಹುಡುಗರು ಹಳೆಯ ಕಡಲ ದಾರಿಗಳ ದೊಡ್ಡ ನಕ್ಷೆಯೊಂದನ್ನು ಬರೆದು ತಂದಿದ್ದರು. ಅದನ್ನು ಬೋರ್ಡಿಗೆ ಅಂಟಿಸಲು ನೋಡಿದರೆ ಕೆಳಗಿನ ಒಂದು ಮೂಲೆ ಎಷ್ಟು ಒತ್ತಿದರೂ ಸುರುಳಿ ಸುತ್ತಿ ಮೇಲೇಳುತ್ತಿತ್ತು. ಮಾತು ಶುರು ಮಾಡಿದವನು ಅದರ ಕಡೆಗೇ ನೋಡುತ್ತಾ ತೊದಲತೊಡಗಿದ. ಸಿಸ್ಟರ್ ಎದ್ದು ಹೋಗಿ ಬೋರ್ಡಿನ ಪಕ್ಕ ನಿಂತು ಆ ಮೂಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದರು. ಅವರ ಬೆರಳುಗಳ ನಡುವೆ ನೀಲಿ ಶಾಯಿಯ ಸಮುದ್ರವೂ, ಅವರು ಹೆಸರು ಕೇಳಿರದ ಒಂದು ಬಂದರೂ ಕಾಣುತ್ತಿದ್ದವು. ಹುಡುಗ ಹಡಗುಗಳ ಬಗ್ಗೆ ಹೇಳತೊಡಗಿದ. ಅವರು ಕತ್ತು ತಿರುಗಿಸಿ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಆ ಬಂದರಿನ ಹೆಸರನ್ನು ಓದಲು ನೋಡುತ್ತಿದ್ದರು.