ಮಡಿಬಟ್ಟೆಯಲ್ಲಿ ಸೋಸಿದ ಬೆಳಕು

ಡೊಂಬಿವಲಿಯ ಫ್ಲ್ಯಾಟಿನಲ್ಲಿ ಶ್ರೀಪ್ರಿಯಾ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ಅಪ್ಪನ ಪಂಚೆ ಅರ್ಧ ಮಡಚಿದ್ದಾಗ ಅಮ್ಮ ವೇದಾವತಿ ಬಂದು, "ಇಷ್ಟು ವರ್ಷದಿಂದ ಎಂತ ಓದ್ತಿದ್ದಿ, ಒಮ್ಮೆ ತೋರಿಸ್ತೇನೆ ಹೇಳಿದ್ದೆಯಲ್ಲ?" ಎಂದರು.

ತೋರಿಸಲೆಂದೇ ಲ್ಯಾಬಿನಿಂದ ಸೀಸೆಯನ್ನೂ ನೇರಳಾತೀತ ಬೆಳಕಿನ ಟಾರ್ಚನ್ನೂ ತಂದಿದ್ದಳು. ಪರದೆ ಎಳೆದಳು. ಕರಿಬೇವನ್ನು ನೀರಿನೊಂದಿಗೆ ಉಕ್ಕಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಬೇಯಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳಾಗುತ್ತವೆ, ಈ ಬೆಳಕು ಬಿದ್ದರೆ ಹೊಳೆಯುತ್ತವೆ ಎಂದು ವಿವರಿಸಿದಳು. ಸೀಸೆ ನೀಲಿಯಾಗಿ ಹೊಳೆಯಿತು.

"ಚಂದ ಉಂಟು. ಉಪ್ಪು ಹಾಕ್ಲಿಕ್ಕಿಲ್ವಾ?" ಎಂದರು ಅಮ್ಮ.

ಶ್ರೀಪ್ರಿಯಾ ನಗಲಿಲ್ಲ. ಟಾರ್ಚಿನ ಬೆಳಕು ಮಂಚದ ಮೇಲೂ ಬಿದ್ದಿತ್ತು. ಅಪ್ಪನ ಪಂಚೆ ಅದೇ ನೀಲಿಯಲ್ಲಿ ಹೊಳೆಯುತ್ತಿತ್ತು. ಬನಿಯನ್ನೂ ಹಾಗೆಯೇ, ದಿಂಬಿನ ಚೀಲವೂ ಹಾಗೆಯೇ. ಪೂಜೆಗೆಂದು ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿದ್ದ ಮಡಿಪಂಚೆ ಮಾತ್ರ ಕತ್ತಲಲ್ಲಿ ಕತ್ತಲಾಗಿಯೇ ಇತ್ತು.

"ಅಮ್ಮ, ಮಡಿಗೆ ಸೋಪು ಹಾಕುದಿಲ್ವಾ?"

"ಮಡಿಗೆ ಎಂತ ಸೋಪು ಮಾರಾಯ್ತಿ? ಬರೀ ನೀರು. ಉಳಿದದ್ದಕ್ಕೆ ಬಿಳಿ ಮಾಡುವ ಪುಡಿ ಉಂಟಲ್ಲ."

ಲ್ಯಾಬಿಗೆ ಸೋಸುವ ಸಾಮಾನು ಬರುವುದು ತಡವಾದಾಗ ಶ್ರೀಪ್ರಿಯಾ ಮನೆಯಿಂದ ಹಳೆಯ ಪಂಚೆಯ ತುಂಡುಗಳನ್ನು ಒಯ್ದಿದ್ದಳು. ಕಾಲೇಜಿಗೆ ಹೋಗುವ ಬಟ್ಟೆ ಎಂದು ಅಮ್ಮ ಅದಕ್ಕೆ ಪುಡಿ ಧಾರಾಳವಾಗಿಯೇ ಹಾಕಿದ್ದರು. ಬೇರೆಯವರು ಮಾಡಿದ ಇಂಥ ಕಣಗಳು ಮೇಲೆ ಬೀಳುವ ಬೆಳಕು ಬದಲಾದಂತೆ ತಮ್ಮ ಬಣ್ಣವನ್ನೂ ಬದಲಿಸುತ್ತಿದ್ದವು. ಶ್ರೀಪ್ರಿಯಾಳ ಕಣಗಳು ಮಾತ್ರ ನೀಲಿಯನ್ನು ಬಿಡುತ್ತಿರಲಿಲ್ಲ. ಗೈಡ್ ಮುರಾರಿ ಸರ್ ಅದನ್ನು ಹೊಸ ಗುಣ ಎಂದಿದ್ದರು. ಒಂದು ವಿಜ್ಞಾನ ಪತ್ರಿಕೆ ಅದರ ಬಗ್ಗೆ ಅವಳ ಲೇಖನವನ್ನು ಅಚ್ಚು ಹಾಕಿತ್ತು. ಪಿಎಚ್‌ಡಿ ನಿಂತಿದ್ದದ್ದೂ ಅದರ ಮೇಲೆಯೇ.

ಅಮ್ಮನಿಂದ ಮಡಿಪಂಚೆಯ ಒಂದು ಅಂಚು ಹರಿಸಿಕೊಂಡು ಲ್ಯಾಬಿಗೆ ಹೋಗಿ, ಹೊಸದಾಗಿ ಮಾಡಿದ ಕಣಗಳನ್ನು ಅದರಲ್ಲಿ ಸೋಸಿ ನೋಡಿದಳು. ಮಂಕು ಬೆಳಕು ಬಂತು. ಬೇರೆಯವರ ಕಣಗಳಂತೆ ಅದೂ ನೀಲಿಯಿಂದ ಹಸಿರಿಗೆ ಸರಿಯಿತು. ಹೊಸ ಗುಣ ಕರಿಬೇವಿನದಾಗಿರಲಿಲ್ಲ, ಅಮ್ಮನ ಪುಡಿಯದಾಗಿತ್ತು.

ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆಂದು ಪತ್ರಿಕೆಗೆ ಪತ್ರ ಬರೆದು ಸರ್‌ಗೆ ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸಿದರು. "ಬರ್ದದ್ದು ಒಳ್ಳೇದಾಯ್ತು. ಕಳಿಸ್ಬೇಡ. ಪೆಹಲೇ ವೈವಾ ಆಗ್ಲಿ, ಆಮೇಲೆ ನೋಡೋಣ."

ಪತ್ರ ಫೋನಿನಲ್ಲಿಯೇ ಉಳಿಯಿತು. ಗಣಪತಿ ಬಂದು ಹೋದ, ಮಳೆಗಾಲ ಮುಗಿಯಿತು, ವೈವಾದ, ಅಂದರೆ ಮೌಖಿಕ ಪರೀಕ್ಷೆಯ, ದಿನ ನಿಗದಿಯಾಗಲಿಲ್ಲ. ಅಮ್ಮ ಆಗಾಗ ಕೇಳುತ್ತಿದ್ದರು.

"ಹೋಯ್ತಾ ಅದು?"

"ಇಲ್ಲ."

"ನನ್ನ ಪುಡಿಯ ಹೆಸರು ಬರೆದಿದ್ದಿಯಾ?"

"ಇಲ್ಲ ಅಮ್ಮ."

"ಹಾಗಾದ್ರೆ ಎಂತಕ್ಕೆ ಹೆದರಿಕೆ?"

ಒಂದು ಬೆಳಿಗ್ಗೆ ಥಾಣೆ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದಾಗ, ಟಿಟ್ವಾಳಾದಿಂದಲೇ ಕೂತು ಬಂದಿದ್ದ ಜ್ಯೋತ್ಸ್ನಾ ಸರಿದು ಜಾಗ ಕೊಟ್ಟಳು. ಅದೇ ಲ್ಯಾಬಿನಲ್ಲಿ ಹೊಸದಾಗಿ ಸೇರಿದವಳು. ಶ್ರೀಪ್ರಿಯಾಳ ಲೇಖನ ನೋಡಿಕೊಂಡು ಅದೇ ಕಣಗಳನ್ನು ಮಾಡುವುದು ಅವಳ ಕೆಲಸ.

"ಅಕ್ಕಾ, ಸೋಮವಾರ ಲ್ಯಾಬ್ ಬಿಡ್ತೀನಿ."

"ಯಾಕೆ?"

"ನಿಮ್ಮ ನೀಲಿ ನಂಗೆ ಬರೋದೇ ಇಲ್ಲ. ಮಂಕು ಬರತ್ತೆ, ಮತ್ತೆ ಹಸಿರಾಗತ್ತೆ. ಮೇರಾ ಹಾಥ್ ಹೀ ಖರಾಬ್ ಹೈ. ಕೋಪರಖೈರಣೆಯಲ್ಲಿ ಮಾವನ ಹೋಟೆಲ್ ಉಂಟಲ್ಲ, ಕೌಂಟರಲ್ಲಿ ಕೂರು ಅಂತಾರೆ. ಅಲ್ಲಿ ಏನೂ ಹೊಳೀಬೇಕಾಗಿಲ್ಲ."

"ಸರ್ ಏನಂದ್ರು?"

"ಇನ್ನೂ ಟ್ರೈ ಮಾಡು ಅಂದ್ರು."

ಶ್ರೀಪ್ರಿಯಾ ಅವಳ ಕಡೆ ತಿರುಗಿದಳು.

"ನಿನ್ನ ಕೈ ಸರಿಯಾಗಿಯೇ ಇದೆ. ನೀನು ಲ್ಯಾಬಿನ ಸೋಸುವ ಕಾಗದದಲ್ಲಿ ಸೋಸಿದೆ. ನಾನು ಅಪ್ಪನ ಪಂಚೆಯಲ್ಲಿ ಸೋಸಿದೆ."

ಜ್ಯೋತ್ಸ್ನಾ ಹತ್ತಿರಕ್ಕೆ ಬಾಗಿದಳು. "ಧುಲಾ ಹುವಾ?"

"ಚೆನ್ನಾಗಿ ಒಗೆದದ್ದು. ಬಿಳಿ ಮಾಡುವ ಪುಡಿ ಹಾಕಿ."

ಎದುರು ಸೀಟಿನ ಹೆಂಗಸು ಇಬ್ಬರನ್ನೂ ನೋಡಿ ಮತ್ತೆ ಮೆಂತ್ಯಸೊಪ್ಪು ಬಿಡಿಸತೊಡಗಿದಳು.

ಶ್ರೀಪ್ರಿಯಾ ಫೋನು ತೆಗೆದು, ಸರಿಯಾದ ಫಲಿತಾಂಶ ಜ್ಯೋತ್ಸ್ನಾಳದ್ದೆಂದು ಪತ್ರಕ್ಕೆ ಒಂದು ವಾಕ್ಯ ಸೇರಿಸಿದಳು. ಮುರಾರಿ ಸರ್‌ಗೂ ಒಂದು ಪ್ರತಿ ಹೋಗುವಂತೆ ಮಾಡಿ ಗುಂಡಿ ಒತ್ತಿದಳು. ಮುಂಬ್ರಾದಲ್ಲಿ ನೆಟ್‌ವರ್ಕ್ ಇರಲಿಲ್ಲ, ಪತ್ರ ಅಲ್ಲೇ ಸುತ್ತುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಕಲ್ವಾ ಬಂದಾಗ ಹೋಯಿತು.