ಬದಲಿ ಬಾರದ ಪಾಳಿ

ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಗೋಳಗುಮ್ಮಟದ ಸಮೀಪದ ಹೋಟೆಲೊಂದರ ಮಹಡಿಯ ಮೇಲೆ ಸಮುದ್ರ ಉಕ್ಕುತ್ತಿತ್ತು. ಉಕ್ಕುವುದೆಲ್ಲ ಬಾಯಲ್ಲೇ ಅನ್ನಿ. ಯಾವ ಕಾಲದಲ್ಲೋ ನೌಕಾಪಡೆಯ ಒಂದೇ ಹಡಗಿನಲ್ಲಿ ದುಡಿದು ನಿವೃತ್ತರಾಗಿ ಬಂದ ಸುತ್ತಲಿನ ಊರುಗಳ ಮುದುಕರು, ಆ ಹಡಗು ಪಡೆಗೆ ಸೇರಿದ ದಿನದ ನೆನಪಿಗೆ ಅಲ್ಲಿ ಕೂಡುತ್ತಿದ್ದರು. ಹೊಟ್ಟೆಯ ಹತ್ತಿರ ಗುಂಡಿ ಕೂಡದ ಬಿಳಿ ಅಂಗಿ, ಎದೆಗೆ ಪದಕ, ತಲೆಗೆ ಹಡಗಿನ ಹೆಸರು ಹೊಲಿಸಿದ ಟೋಪಿ. ಕೇಕು ಕೊಯ್ಯಬೇಕು, ಒಬ್ಬರ ಬೆನ್ನು ಒಬ್ಬರು ಚಪ್ಪರಿಸಬೇಕು. ಅದ್ಯಾವುದೋ ಬಿರುಗಾಳಿಯ ಕಥೆ ತಪ್ಪದೆ ಬರುತ್ತಿತ್ತು. ಅದರ ತೆರೆಗಳು ವರ್ಷದಿಂದ ವರ್ಷಕ್ಕೆ ಬೆಳೆದು ಈಗ ಗುಮ್ಮಟದ ಎತ್ತರಕ್ಕೆ ಬಂದಿದ್ದವು. ಕೊನೆಗೆ ಭರ್ಜರಿ ಊಟ ಹೊಡೆದು, "ನಿನಗ ನಾನು, ನನಗ ನೀನು" ಎಂದು ಒಕ್ಕೊರಲಿಂದ ಕೂಗಿ, ಮನೆಗೆ ಹೋಗಿ ಮಲಗುತ್ತಿದ್ದರು.

ತಿಕೋಟಾದ ಲಕ್ಕವ್ವನಿಗೆ ಈ ಬಳಗದ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯಲು ಕಾರಣವೂ ಇತ್ತು.

ಅವಳ ಗಂಡ ಶಿವಯೋಗೆಪ್ಪ ಅದೇ ಹಡಗಿನ ಎಂಜಿನ್ ಕೋಣೆಯಲ್ಲಿ ಹರೆಯವನ್ನೆಲ್ಲ ಕಳೆದು, ಊರಿಗೆ ಬಂದು ದ್ರಾಕ್ಷಿ ಹಚ್ಚಿ, ಒಣದ್ರಾಕ್ಷಿ ಮಾಡಿ ಮಾರಿ ಮರ್ಯಾದೆಯಿಂದ ಬದುಕಿದವನು. ಮಾತು ಕಡಿಮೆ. ಈಚೆಗೆ ಅವನ ನೆನಪು ಮಾಸತೊಡಗಿತ್ತು. ಮೊದಲು ನೆರೆಯವರ ಹೆಸರು ಹೋಯಿತು, ಆಮೇಲೆ ಹೊಲದ ದಾರಿ ಹೋಯಿತು. ಒಂದು ದಿನ ಲಕ್ಕವ್ವ ಚಹಾ ಕೊಟ್ಟರೆ, "ಭಾಳ ಉಪಕಾರ ಆತು ನೋಡ್ರಿ ಅಕ್ಕಾರ" ಎಂದ. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ತನ್ನನ್ನು ಯಾರೋ ನೆರೆಮನೆಯವಳಂತೆ ಕಂಡದ್ದನ್ನು ಅವಳು ಬಚ್ಚಲಿಗೆ ಹೋಗಿ ಅತ್ತು ನುಂಗಿಕೊಂಡಳು.

ಹೋದ ವರ್ಷ ಕೂಟಕ್ಕೆ ಅವನನ್ನು ಅವಳೇ ಕಳಿಸಿದ್ದಳು. ಹಳೆಯ ಗೆಳೆಯರ ಮುಖ ಕಂಡರೆ ತಲೆ ಸ್ವಲ್ಪ ತಿಳಿಯಾದೀತು ಎಂಬ ಆಸೆ. ಬಳಗದ ಅಧ್ಯಕ್ಷ ಸತೀಶಕುಮಾರ. ಹಡಗಿನಲ್ಲಿ ಕಚೇರಿಯ ಕಾರಕೂನನಾಗಿ ಫ್ಯಾನಿನ ಕೆಳಗೆ ಕೂತಿದ್ದವನು, ಈಗ ವಿಜಯಪುರದಲ್ಲಿ ಪ್ಲಾಟು ಮಾರಿ ಉಬ್ಬಿದವನು. ಅವನು ಹೋಟೆಲಿನ ಬಾಗಿಲಲ್ಲೇ ಶಿವಯೋಗೆಪ್ಪನನ್ನು ತಡೆದು, ಎಲ್ಲರೂ ನಗಲೆಂದು ಹಳೆಯ ಹುಕುಮಿನ ದನಿ ತೆಗೆದ: "ಶಿವಯೋಗೆಪ್ಪಾ, ಇವತ್ತ ಗೇಟಿನ ಪಾಳಿ ನಿಂದು! ಬದಲಿ ಬರೂತನಕ ಅಲ್ಲಾಡಬಾರದು!"

ಶಿವಯೋಗೆಪ್ಪ ಸೆಟೆದು ನಿಂತು ಸಲಾಮು ಹೊಡೆದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು, ಮೇಲೆ ಹೋಗಿ, ಕೇಕು ಕೊಯ್ದು, ಉಂಡು, ಹೋಟೆಲಿನ ಹಿಂದೆ ನಿಲ್ಲಿಸಿದ್ದ ಕಾರು ಹತ್ತಿ ಹೋದರು. ಅವನನ್ನು ಊಟಕ್ಕೂ ಯಾರೂ ಕರೆಯಲಿಲ್ಲ. ಸಂಜೆ ಮಗ ಸಿದ್ದರಾಮ ಹುಡುಕಿಕೊಂಡು ಹೋದಾಗ ಅಪ್ಪ ಗೇಟಿನಲ್ಲೇ ನಿಂತಿದ್ದ, ತುಟಿ ಒಡೆದು ರಕ್ತ ಒಣಗಿತ್ತು. ಬರಲಾರೆ ಎಂದವನನ್ನು ಎತ್ತಿ ಗಾಡಿಗೆ ಹಾಕಿಕೊಂಡು ಬರಬೇಕಾಯಿತು.

"ಪದಕ ಕಟಗೊಂಡ ಕತ್ತಿಗೋಳು!" ಎಂದು ಲಕ್ಕವ್ವ ಬೈದಳು. ಕತ್ತೆಗಳಿಗೆ ಅನ್ಯಾಯವಾಯಿತೆಂದು ಆಮೇಲೆ ಅವಳಿಗೇ ಅನಿಸಿತು. ಹೇರಿದ ಹೊರೆಯನ್ನು ಮರೆತು ಹೋಗುವ ಕತ್ತೆಯನ್ನು ಅವಳು ಕಂಡಿರಲಿಲ್ಲ.

ಅಂದಿನಿಂದ ಶಿವಯೋಗೆಪ್ಪ ಸ್ವಂತ ಮನೆಯ ಗೇಟಿನಲ್ಲಿ ನಿಲ್ಲತೊಡಗಿದ. ಬೆಳಗ್ಗೆ ಎದ್ದವನೇ ಗಾಬರಿಯಿಂದ ಹೊರಗೋಡುವನು, ನಿದ್ದೆ ಮಾಡಿದ ತಪ್ಪಿಗೆ ಯಾರೋ ಶಿಕ್ಷೆ ಕೊಡುತ್ತಾರೆ ಎಂಬ ಹೆದರಿಕೆ ಅವನ ಕಣ್ಣಲ್ಲಿರುತ್ತಿತ್ತು. ಕುರ್ಚಿ ಇಟ್ಟರೆ ಒದೆಯುವನು. ಕೊಡೆ ಹಿಡಿದರೆ ಕಿತ್ತು ಒಗೆಯುವನು. ಕತ್ತಲಾಗಿ ಮೊಣಕಾಲು ಸೋತು ಕುಸಿದ ಮೇಲೆ ಮಗ ಎತ್ತಿ ತಂದು ಮಲಗಿಸಬೇಕು. ಮಳೆಗಾಲ, ಚಳಿಗಾಲ ಹೇಗೋ ಕಳೆದವು. ಈ ಬೇಸಿಗೆಯಲ್ಲಿ ಬವಳಿ ಬಂದು ಬಿದ್ದ. ಇನ್ನೊಮ್ಮೆ ಬಿಸಿಲಿಗೆ ಹೀಗೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಸಿದ್ದರಾಮ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಚ್ಚಲು ಬಡಿಗನಿಗೆ ಹೇಳಿ ಬಂದ. ಬಡಿಗ ಸೋಮವಾರ ಬರುವವನಿದ್ದ.

"ಮತ್ತೇನ ಮಾಡ್ಲಿ ಯವ್ವಾ? ಅಪ್ಪನ್ನ ಬಿಸಿಲಾಗ ಸಾಯಾಕ ಬಿಡ್ಲೇನು?"

"ಕೂಡಿ ಹಾಕಿದ್ರ ಒಳಗ ಬಾಗಲಕ್ಕ ತಲಿ ಬಡಕೊಂಡು ಸಾಯ್ತಾನಲೇ."

ಮಗ ಹೇಳುವುದರಲ್ಲಿ ತಪ್ಪಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಅಷ್ಟರಲ್ಲಿ ಈ ವರ್ಷದ ಕೂಟಕ್ಕೆ ಕರೆಯಲು ಬಬಲೇಶ್ವರದಿಂದ ಸೈಫುದ್ದೀನ ಬಂದ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು, ಈಗ ಪಂಪಿನ ಸಾಮಾನು ಮಾರುತ್ತಾನೆ. ಒಳ್ಳೆಯ ಮನುಷ್ಯ. ಆದರೆ ಎಂಥ ಒಳ್ಳೆಯ ಮನುಷ್ಯನೆಂದರೆ, ಯಾರು ಏನಂದರೂ ಹೌದೆಂದು ತಲೆ ಆಡಿಸಿ ಆಡಿಸಿ ಕತ್ತು ಸಡಿಲಾದವನು. ಅವನು ಗೇಟಿಗೆ ಬಂದಾಗ ಶಿವಯೋಗೆಪ್ಪ ಮೇಲಿಂದ ಕೆಳಗೆ ನೋಡಿ, "ನನ್ನ ಬದಲಿ ನೀನ ಏನು?" ಎಂದು ಕೇಳಿದ.

"ಇಲ್ಲೋ ದೋಸ್ತ, ಊಟಕ್ಕ ಕರ್ಯಾಕ ಬಂದೇನಿ."

ಶಿವಯೋಗೆಪ್ಪ ಮುಖ ತಿರುಗಿಸಿದ. ಸೈಫುದ್ದೀನ ಒಳಗೆ ಬಂದು ಕೂತ. ಚಹಾ ಮುಟ್ಟಲಿಲ್ಲ.

"ಅಕ್ಕಾರ, ಇದು ಬರೇ ಹುಚ್ಚಲ್ರಿ. ಇಂವಾ ಪಾಳಿ ಮ್ಯಾಲ ಅದಾನ. ಹಡಗಿನ್ಯಾಗ ಬದಲಿ ಮನಷ್ಯಾ ಬಂದು, ನಿನ್ನ ಪಾಳ್ಯಾಗ ಏನೇನಾತು ಅಂತ ಎಲ್ಲಾ ಕೇಳಿಸಿಕೊಂಡು, 'ತಗೊಂಡೆ' ಅನ್ನೂತನಕ ಜಾಗಾ ಬಿಡೂ ಹಂಗಿಲ್ರಿ. ಹೋದ ವರ್ಷ ಸತೀಶಕುಮಾರ ಗೇಟಿಗೆ ನಿಂದರಿಸಿದ್ನಲ್ಲ, ಬಿಡಸೋದ ಮರತಾನ."

ಲಕ್ಕವ್ವ ಅವನನ್ನೇ ನೋಡಿದಳು. "ನೀವು ಅವತ್ತ ಅಲ್ಲೇ ಇದ್ರಲ್ಲ?"

"ಇದ್ದೆರಿ. ಅಧ್ಯಕ್ಷರು ಕರೀತಾರ ಅಂತ ಸುಮ್ನಾದೆ."

"ಈಗ ಬದಲಿ ನೀನೇನು ಅಂತ ಕೇಳಿದಾಗರ ಹೂಂ ಅನ್ನಾಕ ನಿಮ್ಮ ಬಾಯಿಗೆ ಏನಾಗಿತ್ತರಿ?"

"ನಾ ಅಡಗಿಮನಿಯಾಂವರಿ. ನನ್ನ ಕೈಯಾಗ ಗೇಟ ಕೊಡಂಗಿಲ್ಲ ಅಂವಾ. ಹಚ್ಚಿದಾಂವನ ಬಂದು ಬಿಡಸಬೇಕು."

ಆಹಾ, ಎಂಥ ಬಳಗ! ಒಬ್ಬನಿಗೆ ನೆನಪು ಹೋಗಿತ್ತು, ಉಳಿದವರಿಗೆ ನಾಚಿಕೆ ಹೋಗಿತ್ತು. ಲಕ್ಕವ್ವ ಅವನ ಎದುರೇ ಸತೀಶಕುಮಾರನಿಗೆ ಫೋನು ಹಚ್ಚಿಸಿದಳು. ಅತ್ತಿಗೆ ಎಂಬ ಸಲುಗೆಯಲ್ಲಿ ಆ ಕಡೆಯಿಂದ ಜೇನು ಸುರಿಯಿತು.

"ಅಯ್ಯ ವೈನಿ, ಇಷ್ಟಕ್ಕ ಯಾಕ ಚಿಂತಿ? ನಾವಿಲ್ಲೇನು? ಕಾರ್ಯಕ್ರಮದ ಗಡಿಬಿಡ್ಯಾಗ ಅದೇನಿ, ಬರಾಕ ಆಗಂಗಿಲ್ಲ. ಈಗ ವಿಡಿಯೋ ಕಾಲ್ ಮಾಡಿ ಬಿಡಿಸಿಬಿಡ್ತೀನಿ, ಮುಗೀತು."

ಮಾಡಿದ. ಸೈಫುದ್ದೀನ ಫೋನನ್ನು ಶಿವಯೋಗೆಪ್ಪನ ಮುಖದೆದುರು ಹಿಡಿದ. ಅಂಗೈಯಗಲದ ಗಾಜಿನೊಳಗಿನಿಂದ ಸತೀಶಕುಮಾರ, "ನಿನ್ನ ಪಾಳಿ ಮುಗೀತೋ! ಒಳಗ ಹೋಗು!" ಎಂದು ಕೂಗಿದ. ಶಿವಯೋಗೆಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ.

"ಇದರಾಗ ಕುಂತಾಂವ ಗೇಟ್ ಹೆಂಗ ಕಾಯ್ತಾನ?" ಎಂದು ಕೇಳಿ, ಮತ್ತೆ ರಸ್ತೆಯ ಕಡೆ ಮುಖ ಮಾಡಿದ.

ಆ ಮನೆಯಲ್ಲಿ ಅಂದು ಬುದ್ಧಿಯ ಮಾತಾಡಿದವನು ಅವನೊಬ್ಬನೇ. ಸಂಜೆ ಬಳಗದ ವಾಟ್ಸಾಪಿನಲ್ಲಿ ಸತೀಶಕುಮಾರ, 'ಕಷ್ಟದಲ್ಲಿರುವ ಗೆಳೆಯನಿಗೆ ನೆರವಾದ ಕ್ಷಣ' ಎಂದು ಬರೆದು ಒಂದು ಗುಲಾಬಿ ಹೂವಿನ ಚಿತ್ರ ಹಾಕಿದ. ಎಲ್ಲರೂ ಅದಕ್ಕೆ ಕೈಮುಗಿದರು.

ಕೂಟದ ದಿನ, ರವಿವಾರ ಬೆಳಗ್ಗೆ ಲಕ್ಕವ್ವ, ಅಪ್ಪನನ್ನು ನೋಡಿಕೊಳ್ಳಲು ಮಗನಿಗೆ ಹೇಳಿ, ಬಸ್ಸು ಹತ್ತಿ ವಿಜಯಪುರಕ್ಕೆ ಹೋದಳು. ಹೋಟೆಲಿನ ಮಹಡಿ ಹತ್ತುವಾಗಲೇ ಮೈಕಿನ ದನಿ ಕೇಳಿಸಿತು. ಸತೀಶಕುಮಾರನದೇ. ಮುಖ್ಯ ಅತಿಥಿಗಳ ಕಡೆ ಬಾಗಿ ಬಾಗಿ ಅವನು ಭಾಷಣ ಹೊಡೆಯುತ್ತಿದ್ದ: ನಮ್ಮಲ್ಲಿ ಒಬ್ಬನ ಕಾಲಿಗೆ ಮುಳ್ಳು ಚುಚ್ಚಿದರೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ರಕ್ತಸಂಬಂಧಕ್ಕಿಂತ ಉಪ್ಪುನೀರಿನ ಸಂಬಂಧ ದೊಡ್ಡದು, ಇತ್ಯಾದಿ. ಕೇಳುವವರ ಕಣ್ಣು ಊಟದ ಮೇಜಿನ ಮೇಲಿತ್ತು.

ಲಕ್ಕವ್ವ ನಡುವಿನ ದಾರಿಯಲ್ಲಿ ನಡೆದು ಹೋಗಿ ಮೈಕಿನ ಮುಂದೆ ನಿಂತಳು.

"ಸತೀಶಕುಮಾರ ಸಾಹೇಬ್ರ, ಹೋದ ವರ್ಷ ನೀವು ಗೇಟಿಗೆ ನಿಂದರಿಸಿದಾಂವ ಇನ್ನಾ ನಿಂತಾನ್ರಿ. ನೀವು ಅವತ್ತ ಉಂಡಿದ್ದು ಅರಗಿತೇನು?"

ಹೊಟ್ಟೆ ಹಿಡಿದುಕೊಂಡು ನಕ್ಕವರೆಲ್ಲ ಈಗ ಟೋಪಿ ಸರಿಮಾಡಿಕೊಳ್ಳುವುದರಲ್ಲಿ ತೊಡಗಿದರು. ಸತೀಶಕುಮಾರ ಮೈಕಿಗೆ ಕೈ ಅಡ್ಡ ಹಿಡಿದು, "ವೈನಿ, ದೊಡ್ಡವರು ಬಂದಾರ, ಊಟ ಆಗ್ಲಿ, ಫೋಟೋ ಆಗ್ಲಿ, ನಾಳಿಗೆ ಪಕ್ಕಾ..." ಎಂದ.

ಲಕ್ಕವ್ವ ಕೈಯೆತ್ತಿ ಅವನ ತಲೆಯ ಮೇಲಿನ ಟೋಪಿಯನ್ನು ಕಿತ್ತುಕೊಂಡು ಕೆಳಗಿಳಿದಳು. ಟೋಪಿಯಿಲ್ಲದ ಅಧ್ಯಕ್ಷನ ತಲೆಯ ಮೇಲೆ ಕಪ್ಪು ಬಣ್ಣ ಹಚ್ಚಿದ ನಾಲ್ಕು ಕೂದಲು ಬೆವರಿಗೆ ಅಂಟಿದ್ದವು. ಫೋಟೋ ತೆಗೆಯುವವನು ಕೆಲಸ ಬಿಟ್ಟು ಅದನ್ನೇ ನೋಡಿದ. "ವೈನಿ, ಟೋಪಿ! ವೈನಿ!" ಎನ್ನುತ್ತ ಸತೀಶಕುಮಾರ ಮೆಟ್ಟಿಲ ಮೇಲೆ ಬೆನ್ನಟ್ಟಿ ಬಂದ. ಕೆಳಗೆ ಸೈಫುದ್ದೀನ, ಅಧ್ಯಕ್ಷರ ಅಪ್ಪಣೆ ಇಲ್ಲದೆ ಮೊದಲ ಸಲ ಒಂದು ಕೆಲಸ ಮಾಡಿದ. ಕಾರು ಚಾಲೂ ಮಾಡಿ ಬಾಗಿಲು ತೆರೆದಿಟ್ಟಿದ್ದ. ಲಕ್ಕವ್ವ ಟೋಪಿ ಹಿಡಿದು ಒಳಗೆ ಕೂತಳು, ಟೋಪಿಯ ಹಿಂದೆ ಅಧ್ಯಕ್ಷನೂ ಹತ್ತಿದ.

ಇಟ್ಟಂಗಿಹಾಳದ ಕಡೆಯ ತಿರುವು ದಾಟುವತನಕ ಸತೀಶಕುಮಾರ ಮುಖ ಊದಿಸಿಕೊಂಡಿದ್ದ. ಆಮೇಲೆ, "ಅದು ತಮಾಷಿ ಇತ್ತು ವೈನಿ" ಎಂದ.

"ಗೊತ್ತೈತ್ರಿ. ಒಂದ ವರ್ಷದಿಂದ ನಗಾಕತ್ತೇವಿ."

ತಿಕೋಟಾ ಬರುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲಿತ್ತು. ಶಿವಯೋಗೆಪ್ಪ ಗೇಟಿನಲ್ಲಿದ್ದ. ಸಿದ್ದರಾಮ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಲಕ್ಕವ್ವ ಟೋಪಿಯನ್ನು ಸತೀಶಕುಮಾರನ ಕೈಗೆ ತುರುಕಿ, ಅವನನ್ನು ಬೆನ್ನಿಗೆ ಕೈಯಿಟ್ಟು ಮುಂದೆ ದಬ್ಬಿದಳು.

"ಯಾರು?" ಎಂದ ಶಿವಯೋಗೆಪ್ಪ.

"ಬದಲಿ," ಎಂದು ಸತೀಶಕುಮಾರ ಹಲ್ಲು ಬಿಟ್ಟ.

"ಟೋಪಿ ನೆಟ್ಟಗ ಇಟ್ಕೋ. ಹಲ್ಲ ಮುಚ್ಚು."

ಸತೀಶಕುಮಾರ ಮುಚ್ಚಿದ. ಶಿವಯೋಗೆಪ್ಪ ಗಂಟಲು ಸರಿಮಾಡಿಕೊಂಡು ವರದಿ ಒಪ್ಪಿಸತೊಡಗಿದ. ತೊದಲಿಲ್ಲ, ತಡವರಿಕೆಯಿಲ್ಲ. ಆ ದನಿಯನ್ನು ಲಕ್ಕವ್ವ ಕೇಳಿ ಬಹಳ ಕಾಲವಾಗಿತ್ತು.

"ಗೇಟ್ ಭದ್ರ ಐತಿ. ಮುಂಜಾನೆ ಹಾಲಿನಾಂವ ಬರ್ತಾನ, ಒಳಗ ಬಿಡು. ಕೆಂದ ನಾಯಿ ಒಂದೈತಿ, ಕಚ್ಚಂಗಿಲ್ಲ. ಕತ್ತಲಾದ್ರ ಒಬ್ಬ ಹುಡುಗ ಬಂದು ಹೊತಗೊಂಡು ಹೋಗ್ತಾನ, ಅವಗ ಬೈಬ್ಯಾಡ, ಪಾಪದಾಂವ." ಸಿದ್ದರಾಮ ತಂಬಿಗೆಯನ್ನು ನೆಲಕ್ಕಿಟ್ಟ. ಶಿವಯೋಗೆಪ್ಪ ಉಸಿರು ಎಳೆದುಕೊಂಡು ಮುಂದುವರಿಸಿದ. "ಒಳಗ ಒಬ್ಬಾಕಿ ಹೆಣ್ಮಗಳು ಅದಾಳ. ಹೆಸರು ಗೊತ್ತಿಲ್ಲ. ಘಳಿಗಿಗೊಮ್ಮೆ ಬಂದು ನೀರು ಕುಡಸ್ತಾಳ. ಬಿಸಿಲಿನ ಕಡೆ ತಾ ನಿಂತು ನನಗ ನೆರಳ ಮಾಡ್ತಾಳ. ನನಗ ತಿಳಿಯಂಗಿಲ್ಲ ಅಂತ ತಿಳಕೊಂಡಾಳ. ಆಕಿ ಮಕ್ಕೊಂಡಿದ್ದು ನಾ ನೋಡೇ ಇಲ್ಲ. ಆಕೀ ಪಾಳಿಗಿ ಇನ್ನಾ ಯಾರೂ ಬದಲಿ ಬಂದಿಲ್ಲ. ಮ್ಯಾಲಿನವರಿಗೆ ಹೇಳು, ಭಾಳ ದಣದಾಳ. ಇಷ್ಟ. ತಗೊಂಡಿ?"

ಊರು ಮೆಚ್ಚುವಂತೆ ಭಾಷಣ ಹೊಡೆಯುವ ಸತೀಶಕುಮಾರ ಒಂದು ಮಾತಿಗಾಗಿ ಲಕ್ಕವ್ವನ ಕಡೆ ತಿರುಗಿದ. ಲಕ್ಕವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಹೆಸರಿಲ್ಲದೆ ಹೋದರೂ ಅವನ ಲೆಕ್ಕದಲ್ಲಿ ಅವಳಿದ್ದಳು. ಅಷ್ಟು ದಿನ ಅವಳು ಆ ಬಿಸಿಲಲ್ಲಿ ಒಬ್ಬಳೇ ನಿಂತಿರಲಿಲ್ಲ.

"ಅನ್ರಿ," ಎಂದಳು ಕೊನೆಗೆ.

"ತಗೊಂಡೆ," ಎಂದ ಸತೀಶಕುಮಾರ.

ಶಿವಯೋಗೆಪ್ಪ ಸಲಾಮು ಹೊಡೆದ. ಒಂದು ವರ್ಷದಿಂದ ಬಿಗಿಹಿಡಿದಿದ್ದ ಹೆಗಲು ಇಳಿಯಿತು. ತನ್ನ ಕಾಲ ಮೇಲೆ ತಾನೇ ನಡೆದು ಒಳಗೆ ಹೋಗಿ, ಕಿಟಕಿಯ ಹತ್ತಿರದ ಮಂಚದ ಮೇಲೆ ಅಡ್ಡಾದ. ಸಿದ್ದರಾಮ ಅವನ ಹಿಂದೆಯೇ ಹೋದ.

ಸತೀಶಕುಮಾರ ಕರವಸ್ತ್ರದಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕಾರಿನ ಕಡೆ ಸರಿದ.

"ಎತ್ತಾಗ ಹೊಂಟ್ರಿ?"

"ಆತಲ್ಲ ವೈನಿ... ಒಳಗ ಹೋದ್ನಲ್ಲ."

"ಆ ಕಿಡಕ್ಯಾಗಿಂದ ಗೇಟ್ ಕಾಣಸ್ತೈತಿ. ಕಣ್ಣ ತೆರದಾಗ ಇಲ್ಲಿ ಮನಷ್ಯಾ ಇರಲಿಲ್ಲಂದ್ರ ಮತ್ತ ಎದ್ದು ಬರ್ತಾನ. ನೀವು ತಗೊಂಡೆ ಅಂದೀರಿ. ನಿಂದರ್ರಿ."

ಅವನು ಸೈಫುದ್ದೀನನ ಮುಖ ನೋಡಿದ. ಎಂದೂ ಇಲ್ಲ ಎನ್ನದ ಸೈಫುದ್ದೀನ ಕಾರಿನ ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡ. "ನಿಂದರ್ರಿ ಅಧ್ಯಕ್ಷರ. ಹೊತ್ತ ಮುಳಗಿದ ಮ್ಯಾಲ ನಾ ಬದಲಿ ಬರ್ತೀನಿ, ನೀವ ಹಚ್ಚಿದ್ರಂದ್ರ ನನಗೂ ನಡೀತೈತಿ. ಹೋಟೆಲ್ನ್ಯಾಗ ಇದ್ದವರಿಗೂ ಹೇಳ್ತೀನಿ, ನಾಳಿಯಿಂದ ಒಬ್ಬೊಬ್ಬರು ಬರ್ಲಿ. ನಿನಗ ನಾನು ಅಂತ ಭಾಳ ಕೂಗೇವಿ."

ಅಧ್ಯಕ್ಷ ಗೇಟಿನಲ್ಲಿ ನಿಂತ. ಕುರ್ಚಿ ಕೇಳಿದ, ಲಕ್ಕವ್ವ ಕೊಡಲಿಲ್ಲ. ಅವನ ಮೇಲಿನ ಸಿಟ್ಟು ಅವಳಿಗೆ ಎಳ್ಳಷ್ಟೂ ಇಳಿದಿರಲಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಒಳಗೆ ಬಂದು ನೋಡಿದರೆ ಶಿವಯೋಗೆಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಸ್ವಲ್ಪ ಹೊತ್ತು ಕೂತರಾಯಿತು ಎಂದು ಅವಳು ಮಂಚದ ಕೆಳಗೆ ತಂಪು ನೆಲದ ಮೇಲೆ ಕೂತಳು, ಗೋಡೆಗೆ ಒರಗಿದಳು.

ಸಿದ್ದರಾಮ ಅಡುಗೆಮನೆಯಿಂದ ಬಂದು, "ಯವ್ವಾ, ಬಡಿಗಗ ಬರಬ್ಯಾಡ ಅಂತ ಹೇಳ್ಲೇನು?" ಎಂದು ಕೇಳಿದಾಗ, ಅವಳು ನಿದ್ದೆ ಹೋಗಿದ್ದಳು.