ಮೀನು ಸುಟ್ಟ ಬೆಂಕಿ ಮಲಗಲಿಲ್ಲ

ಬೇಸಿಗೆ ಬಂತೆಂದರೆ ನಮ್ಮ ಕಹಾಯನ್ ಹೊಳೆ ಇಳಿಯುತ್ತದೆ. ಜೌಗಿನ ಗುಂಡಿಗಳಲ್ಲಿ ಮೀನು ಸಿಕ್ಕಿಬೀಳುತ್ತವೆ. ಊರಿಗೆ ಊರೇ ಬುಟ್ಟಿ ಹೊತ್ತು ಅಲ್ಲಿಗೆ ಓಡುತ್ತದೆ. ಹಿಡಿದ ಮೀನನ್ನು ಅಲ್ಲೇ ಬೆಂಕಿ ಹಾಕಿ ಸುಟ್ಟು ತಿನ್ನದೆ ಮನೆಗೆ ಬಂದವರನ್ನು ನಾನಂತೂ ಕಂಡಿಲ್ಲ. ಕೆಲವು ದಿನ ಕಳೆದು ಜೌಗುನೆಲ ಹೊತ್ತಿ ಊರ ತುಂಬ ಹೊಗೆ ಬರುತ್ತದೆ. ಮಕ್ಕಳು ಕೆಮ್ಮುತ್ತವೆ. "ಯಾವ ಪಾಪಿ ಹಚ್ಚಿದ್ನೋ" ಎಂದು ಎಲ್ಲರೂ ಎಲ್ಲರನ್ನೂ ಬೈಯುತ್ತೇವೆ.

ಬಯಲ ಬೆಂಕಿಯ ಅಡುಗೆಯಲ್ಲಿ ತಿವಿಂಗ್ ಅಜ್ಜನನ್ನು ಮೀರಿಸಿದವರು ನಮ್ಮೂರಲ್ಲಿಲ್ಲ. ಹಸಿ ಬಿದಿರ ಕೊಳವೆಗೆ ಅಕ್ಕಿ, ನೀರು ತುಂಬಿ ಕೆಂಡದ ಬದಿಗೆ ಒರಗಿಸುತ್ತಾನೆ. ಮೀನಿಗೆ ಉಪ್ಪು, ಅರಿಸಿನ, ಜಜ್ಜಿದ ಮೆಣಸು ಮೆತ್ತಿ, ಸೀಳಿದ ಕಡ್ಡಿಗೆ ಸಿಕ್ಕಿಸಿ, ಉರಿ ಇಳಿದ ಮೇಲೆಯೇ ಇಡುತ್ತಾನೆ. ಆ ವಾಸನೆಗೆ ಮಾತು ಬಿಟ್ಟವರೂ ಬಂದು ಪಕ್ಕ ಪಕ್ಕ ಕೂರುತ್ತಾರೆ. ಉಂಡಾದ ಮೇಲೆ ಬೆಂಕಿಯ ಮೇಲೆ ಮಣ್ಣೆಳೆದು, ಒಂದು ತುತ್ತು ಅನ್ನ ಇಟ್ಟು, "ಮಲ್ಕೋ ಬೆಂಕಿಯಪ್ಪ" ಎನ್ನುತ್ತಾನೆ. ಅವನ ತಾಯಿ ಕಲಿಸಿದ್ದು.

ಈ ಬೇಸಿಗೆಯಲ್ಲಿ ಅಜ್ಜ ಹಾಗೆ ಮಲಗಿಸುವಾಗ ಲಮಿಯಾಂಗ್ ಅಡ್ಡ ಬಂದಳು. ಅವಳು ಅಜ್ಜನ ನೆರೆಮನೆಯವಳು, ಊರಿನ ಬೆಂಕಿ ಕಾವಲು ತಂಡದಲ್ಲಿದ್ದಾಳೆ.

"ಅಜ್ಜಾ, ಮಣ್ಣು ಮುಚ್ಚಿದ್ರೆ ಸಾಲ್ದು. ನೀರು ಹೊಯ್ಯಿ."

"ಓಹೋ, ಅಜ್ಜಂಗೇ ಕೆಮ್ಮು ಕಲಿಸೋಕೆ ಬಂದ್ಯಾ? ನೀನು ಹುಟ್ಟೋ ಮುಂಚಿಂದ ಸುಡ್ತಿದೀನಿ ನಾನು."

"ಸುಡೋದ್ರಲ್ಲಿ ನೀನೇ ಗುರು. ಆರಿಸೋದ್ರಲ್ಲಿ ನನ್ನ ಮಾತು ಕೇಳು."

"ನೀರು ಹೊರೋಕೆ ನನ್ನ ಸೊಂಟನ ಒಪ್ಪಿಸು ಮೊದ್ಲು!"

ಎಲ್ಲರೂ ನಕ್ಕರು. ಲಮಿಯಾಂಗ್ ನಗಲಿಲ್ಲ. ತಾನೇ ಬಕೆಟ್ ತಂದು ಸುರಿದಳು. ಆಮೇಲೆ ಕೇಳಿದಳು, "ಹೋದ ಸಲ ಎಲ್ಲಿ ಸುಟ್ಟಿದ್ದೆ?"

"ನಮ್ ರಬ್ಬರ್ ತೋಟದ ಅಂಚಲ್ಲಿ. ಬಾ, ತೋರಿಸ್ತೀನಿ. ಸತ್ತು ತಣ್ಣಗಾಗಿರುತ್ತೆ."

ಆ ತೋಟ ಅಜ್ಜನ ಹೆಂಡತಿ ನೆಟ್ಟಿದ್ದು. ಅವಳು ತೀರಿಹೋದ ಮೇಲೆ ಮಗಳು ರುಸಿನೆ ಅಲ್ಲಿ ಹಾಲು ಇಳಿಸಿ ಮನೆ ನಡೆಸುತ್ತಾಳೆ.

ಹೋಗಿ ನೋಡಿದರೆ ಹೊಗೆಯಿಲ್ಲ, ಉರಿಯಿಲ್ಲ. "ಕಂಡ್ಯಾ?" ಎಂದ ಅಜ್ಜ. ಅಷ್ಟರಲ್ಲಿ ಗಾಳಿಯೇ ಇಲ್ಲದೆ ಒಂದು ರಬ್ಬರ್ ಮರ ಮೆಲ್ಲಗೆ ವಾಲಿತು. ಅದರ ಬುಡದಲ್ಲಿ ರುಸಿನೆ ಇದ್ದಳು.

"ರುಸಿನೇ, ಓಡೇ!" ಎಂದು ಕೂಗಿದ ಅಜ್ಜ. ಅವಳು ಪಕ್ಕಕ್ಕೆ ಹಾರಿದಳು. ಮರ ದೊಪ್ಪನೆ ಬಿತ್ತು. ಬುಡದಲ್ಲಿ ಬೇರುಗಳೇ ಇರಲಿಲ್ಲ, ಇದ್ದಿಲು ಇತ್ತು. ಒಳಗೆ ಕೆಂಡ ಕೆಂಪಗಿತ್ತು.

ಅಜ್ಜ ಓಡಿಹೋಗಿ ಮಗಳನ್ನು ಹಿಡಿದುಕೊಂಡ. "ನಾನು ಮಣ್ಣು ಮುಚ್ಚಿದ್ನಲ್ಲೇ... ಅವ್ವ ಹೇಳಿದ ಹಾಗೇ ಮಾಡಿದ್ನಲ್ಲೇ..."

"ನಿಮ್ಮವ್ವ ಸುಳ್ಳು ಹೇಳ್ಲಿಲ್ಲ ಅಜ್ಜ," ಎಂದಳು ಲಮಿಯಾಂಗ್. "ಅವ್ರ ಊರು ಮೇಲಿನ ಗುಡ್ಡದಲ್ಲಿ. ಅಲ್ಲಿ ಕೆಮ್ಮಣ್ಣು, ಮುಚ್ಚಿ ಒತ್ತಿದ್ರೆ ಬೆಂಕಿ ಮಲಗುತ್ತೆ. ನಮ್ದು ಮಣ್ಣೇ ಅಲ್ಲ. ಕೊಳೆತ ಬೇರು, ತೊಗಟೆ, ಎಲೆ. ಬೇಸಿಗೇಲಿ ಒಣಗಿ ಸೌದೆ ಆಗಿರುತ್ತೆ. ಬೆಂಕಿಗೆ ಸೌದೆ ಹೊದಿಸಿ ಮಲ್ಕೋ ಅಂದ್ರೆ ಮಲಗುತ್ತಾ? ಒಳಗೊಳಗೇ ತಿನ್ಕೊಂಡು ಹೋಗುತ್ತೆ."

ಆಮೇಲೆ ಮಾತಾಡಲು ಪುರಸೊತ್ತು ಇರಲಿಲ್ಲ. ಊರವರು ಬಂದರು. ಬೆಂಕಿ ಹರಡಿದ ಜಾಗದ ಸುತ್ತ ನೀರು ಕಾಣುವ ತನಕ ಕಾಲುವೆ ತೋಡಿದೆವು, ಹೊಳೆಯಿಂದ ಪಂಪು ಹಾಕಿ ನೆಲ ಕೆಸರಾಗುವಷ್ಟು ಹೊಯ್ದೆವು. ಒಂದು ಸಾಲು ಮರ ಹೋಯಿತು. ಉಳಿದದ್ದು ಉಳಿಯಿತು. ಬಿದ್ದ ಮರದ ಮೇಲೆ ಕೂತು ಅಜ್ಜ ಅತ್ತುಬಿಟ್ಟ. "ನಿಮ್ಮಮ್ಮ ನೆಟ್ಟಿದ್ದು ಕಣೇ" ಎಂದ.

"ನಾನು ಉಳ್ಕೊಂಡಿದೀನಲ್ಲಪ್ಪ. ಏಳು" ಎಂದಳು ರುಸಿನೆ.

ಮುಂದಿನ ಸಲ ಮೀನಿಗೆ ಹೋದಾಗ ಅಜ್ಜನ ಬೆನ್ನ ಮೇಲೆ ತಗಡಿನ ಬೋಗುಣಿ ಇತ್ತು, ಒಳಗೆ ದಪ್ಪಗೆ ಜೇಡಿಮಣ್ಣು ಮೆತ್ತಿದ್ದ.

"ಏನಜ್ಜ, ಮನೆ ಒಲೇನೇ ಹೊತ್ಕೊಂಡು ಬಂದ್ಯಲ್ಲ!" ಎಂದು ಯಾರೋ ಛೇಡಿಸಿದರು.

"ಹೂಂ ಕಣೋ. ಮೀನು ಬೇಕಾದ್ರೆ ನೀನು ನೀರು ಹೊರು."

ನೀರಂಚಿನ ಕೆಸರಲ್ಲಿ ಹಸಿ ದಿಮ್ಮಿಗಳ ಮೇಲೆ ಬೋಗುಣಿ ಇಟ್ಟು, ಅದರೊಳಗೆ ಪುಟ್ಟ ಬೆಂಕಿ ಹಾಕಿದ. ಮೀನಿನ ರುಚಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಉಂಡ ಮೇಲೆ ನೀರು ಹೊಯ್ದ, ಕಡ್ಡಿಯಿಂದ ಕಲಕಿದ, ಮತ್ತೆ ಹೊಯ್ದ. ಕೊನೆಗೆ ಬೂದಿಯೊಳಗೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಆಗ ತುತ್ತು ಅನ್ನ ಇಟ್ಟು, "ಈಗ ಮಲ್ಕೋ" ಎಂದ.

ಅಕ್ಕ ಅಣ್ಣಂದಿರೇ, ಬಯಲಲ್ಲಿ ಬೆಂಕಿ ಹಾಕಿ ಉಣ್ಣುವ ಸುಖ ಬಿಡಬೇಡಿ. ಆದರೆ ಕರಿ ಜೌಗುನೆಲದ ಮೇಲೆ ನೇರ ಒಲೆ ಹೂಡಬೇಡಿ. ಮಣ್ಣೆಳೆದು ಕೈ ಕೊಡವಿ ಎದ್ದುಬಿಡಬೇಡಿ. ನಿಮ್ಮ ಅಂಗೈಗೆ ಬೂದಿ ತಣ್ಣಗಾಗುವ ತನಕ ಅಲ್ಲಿಂದ ಕದಲಬೇಡಿ. ಉಂಡವರ ಕೈಗೆ ನೀರು ಕೊಡುತ್ತೀರಿ. ಬೇಯಿಸಿಕೊಟ್ಟ ಬೆಂಕಿಗೂ ಕೊಡಿ.